ಕಲ್ಲೇಶಿ ಕಂಪ್ಯೂಟರ್ ಮುಂದೆ ಕೂತಿದ್ದು

ಹಾಲು ಉಕ್ಕಿದರೆ ಕರಿಯೋ ಅಂದರೆ, ಉಕ್ಕುವ ತನಕ ಕಣ್ಣು ಮಿಟುಕಿಸದೆ ಕಾದು, ಉಕ್ಕಿ ಒಲೆ ಆರಿದ ಮೇಲೆ "ಅವ್ವಾ, ಉಕ್ತು" ಅಂತ ಕರೆಯುವ ಮಗ ನಿಮಗಿದ್ದಾನೆಯೇ? ಅರಸೀಕೆರೆಯಲ್ಲಿ ರವಿಕೆ ಹೊಲಿಯುವ ಶಿವಗಂಗಮ್ಮನಿಗೆ ಇದ್ದ. ಒಬ್ಬನೇ ಮಗ. ಹೆಸರು ಕಲ್ಲೇಶಿ, ವಯಸ್ಸು ಇಪ್ಪತ್ತಾರು, ಮೂರನೇ ಸಲಕ್ಕೆ ಪಾಸಾದ ಬಿ.ಕಾಂ. ಔಷಧಿ ಅಂಗಡಿಯವರು ಅವನನ್ನು ಮೂರು ದಿನ ಇಟ್ಟುಕೊಂಡರು. ಬೇಕರಿಯವರು ಒಂದೂವರೆ ದಿನ.

ಕೊನೆಗೆ ಅವಳು ಟ್ಯಾಕ್ಸ್ ವರದರಾಜಯ್ಯನವರ ಆಫೀಸಿಗೆ ಹೋದಳು. ಊರಿನ ಮೇಷ್ಟ್ರುಗಳದ್ದು, ರೈಲ್ವೆಯವರದ್ದು, ಪಿಂಚಣಿದಾರರದ್ದು, ಎಲ್ಲರ ಇನ್‌ಕಂ ಟ್ಯಾಕ್ಸ್ ರಿಟರ್ನ್ ತುಂಬಿ ಕಳಿಸುವವರು ಅವರೇ. ಅವರ ಹೆಂಡತಿಯ ರವಿಕೆಗಳನ್ನು ಹನ್ನೊಂದು ವರ್ಷದಿಂದ ಹೊಲಿದವಳು ಇವಳೇ.

"ನೋಡಿ ಶಿವಗಂಗಮ್ಮನವರೆ, ಜುಲೈ ಕೊನೆ ತನಕ ನೋಡ್ತೀನಿ. ಒಪ್ಪಿಗೆಯಾದರೆ ಖಾಯಂ. ಆಗದಿದ್ದರೆ ನೀವು ಬೇಜಾರು ಮಾಡ್ಕೋಬಾರದು," ಅಂದರು ಅವರು.

ಬೇಜಾರೇ? ಅವಳು ಅಂದೇ ಸಂಜೆ ಬೀದಿಯ ಆ ತುದಿಯಿಂದ ಈ ತುದಿಗೆ ಹೇಳಿಕೊಂಡು ಬಂದಳು. "ನಮ್ಮ ಕಲ್ಲೇಶಿ ಕಂಪ್ಯೂಟರ್ ಮುಂದೆ ಕೂರ್ತಾನೆ." ಹೇಳಿದ್ದಾಯಿತು. ಇನ್ನು ಅವನು ಅಲ್ಲಿಂದ ಏಳುವ ಹಾಗಿಲ್ಲ.

ಮೊದಲ ದಿನ ಕಲ್ಲೇಶಿ ನಿವೃತ್ತ ಗಾರ್ಡ್ ಒಬ್ಬರ ಕಡತ ಹಿಡಿದು ಕೂತ. ಹೆಸರು, ತಂದೆ ಹೆಸರು, ಮನೆ ನಂಬರು, ಪಿನ್‌ಕೋಡು, ಒಂದೊಂದೇ ಅಕ್ಷರ, ಒಂದೇ ಬೆರಳು. ಬೆಳಿಗ್ಗೆ ಕೂತವನು ಸಂಜೆ ಎದ್ದ. ಒಂದು ರಿಟರ್ನ್ ಆಗಿತ್ತು.

"ಅಲ್ಲಯ್ಯಾ, ಹೋದ ವರ್ಷದ್ದೆಲ್ಲ ಸಾಫ್ಟ್‌ವೇರ್ ಒಳಗೇ ಇದೆಯಲ್ಲ. ಅದನ್ನ ಮತ್ತೆ ಯಾಕೆ ಕುಟ್ಟಿದೆ?" ಅಂದರು ವರದರಾಜಯ್ಯ.

ಮನೆಗೆ ಬಂದು ಹೇಳಿದ. ಶಿವಗಂಗಮ್ಮ ತನ್ನ ಅಳತೆ ಪುಸ್ತಕ ತೆಗೆದು ತೋರಿಸಿದಳು. "ನೋಡು ಮಗಾ, ಹಳೇ ಗಿರಾಕಿ ಬಂದರೆ ನಾನು ಮತ್ತೆ ಟೇಪು ಹಿಡೀತೀನಾ? ಹೋದ ವರ್ಷದ ಪುಟ ತೆಗೀತೀನಿ, ಕತ್ತರಿ ಹಾಕ್ತೀನಿ. ನೀನೂ ಹಾಗೇ ಮಾಡು."

ಕಲ್ಲೇಶಿ "ಹೂಂ" ಅಂದ. ಹೂಂ ಅಂದವನು ಹಾಗೇ ಮಾಡಿದ.

ಮಾರನೇ ದಿನ ಮಧ್ಯಾಹ್ನದ ಊಟದೊಳಗೆ ನಲವತ್ತು ರಿಟರ್ನ್ ಮುಗಿದಿದ್ದವು. ವರದರಾಜಯ್ಯನವರು ಕನ್ನಡಕ ಒರೆಸಿಕೊಂಡು ನೋಡಿದರು. ನಲವತ್ತೂ ಹೋದ ವರ್ಷದವೇ, ಒಂದು ಚುಕ್ಕಿ ಬದಲಿಲ್ಲ. ನಿವೃತ್ತರಾದವರು ಇನ್ನೂ ಸಂಬಳ ತಗೊಳ್ಳುತ್ತಿದ್ದರು. ಚೈತ್ರದಲ್ಲಿ ತೀರಿಕೊಂಡ ಪೋಸ್ಟ್ ಮಾಸ್ಟರು ದಿನಾ ಕೆಲಸಕ್ಕೆ ಹೋಗುತ್ತಿದ್ದರು.

"ಏನು ಬದಲಾಗಿದೆ ಅಂತ ಬಂದವರನ್ನ ಕೇಳಬೇಡವೇನಯ್ಯಾ?"

"ನಲವತ್ತು ಮಾಡಿದನಂತೆ, ಅರ್ಧ ದಿನಕ್ಕೆ," ಅಂತ ಶಿವಗಂಗಮ್ಮ ಪಕ್ಕದ ಮನೆಯವರಿಗೆ ಹೇಳಿದಳು. ಉಳಿದದ್ದನ್ನು ಹೇಳಲಿಲ್ಲ. ಮಗನಿಗೆ ಮಾತ್ರ ಹೇಳಿದಳು. "ಪುಟ ತೆಗೆದ ಮೇಲೆ ನಾನು ಕೇಳ್ತೀನಿ ಕಣೋ. ದಪ್ಪ ಆಗಿದೀರಾ, ಸಣ್ಣ ಆಗಿದೀರಾ, ತೋಳು ಅಷ್ಟೇ ಇರಲಾ ಅಂತ. ಒಂದೊಂದನ್ನೂ ಬಾಯಿಬಿಟ್ಟು ಕೇಳಬೇಕು."

ಕಲ್ಲೇಶಿ "ಹೂಂ" ಅಂದ.

ಮಾರನೇ ದಿನ ಬಂದವರು ಹೈಸ್ಕೂಲಿನ ಹೆಡ್ಮಿಸ್ಟ್ರೆಸ್ ತ್ರಿಪುರಾಂಬ. ಅವರು ಕೆಮ್ಮಿದರೆ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ನೆಟ್ಟಗೆ ನಿಲ್ಲುತ್ತಾರೆ.

"ಮೇಡಂ, ಹೋದ ವರ್ಷ ನಿಮ್ಮ ತಂದೆ ಬಸವಣ್ಯಪ್ಪ. ಈ ವರ್ಷವೂ ಅವರೇನಾ?"

"ಏನಂದೆ?"

"ಹುಟ್ಟಿದ ತಾರೀಕು ಒಂಬತ್ತನೇ ನವೆಂಬರ್. ಹಾಗೇ ಇರಲಾ, ಬದಲಾಗಿದೆಯಾ?"

ತ್ರಿಪುರಾಂಬ ಬ್ಯಾಗಿನ ಜಿಪ್ ಎಳೆದರು.

"ಇನ್ನೊಂದೇ ಮೇಡಂ. ಹೋದ ವರ್ಷ ಹೆಂಗಸು ಅಂತಿದೆ. ಈ ವರ್ಷ?"

ಆ ವರ್ಷವೂ ಹೆಂಗಸೇ ಅನ್ನುವುದು ಇಡೀ ಸ್ಟೇಷನ್ ರಸ್ತೆಗೆ ಕೇಳಿಸಿತು. ವರದರಾಜಯ್ಯ ಮೆಟ್ಟಿಲ ತನಕ ಹಿಂದೆ ಹೋಗಿ ಕೈಮುಗಿದು ಕರೆದುಕೊಂಡು ಬಂದರು.

"ನಿನ್ನ ಬಾಯಿಗೊಂದು ಗುಂಡಿ ಹೊಲಿಸಿಕೊಂಡು ಬಾ, ನಿಮ್ಮಮ್ಮ ಹೇಗೂ ಹೊಲೀತಾಳಲ್ಲ," ಅಂದರು ಕಲ್ಲೇಶಿಗೆ.

ಶಿವಗಂಗಮ್ಮ ಹಣೆ ಹಣೆ ಚಚ್ಚಿಕೊಂಡಳು. "ಗಿರಾಕಿ ಅಳತೆ ರವಿಕೆ ಕೊಟ್ಟರೆ ಮಾತೇ ಬೇಡ ಮಗಾ. ಅದರಲ್ಲಿ ಹೇಗಿದೆಯೋ ಹಾಗೆ. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಮ್ಮಿ ಇಲ್ಲ. ಅವರು ಕಾಗದ ಕೊಡ್ತಾರಲ್ಲ, ಅದರಲ್ಲಿರೋದನ್ನ ಇದ್ದ ಹಾಗೇ ಹಾಕು."

ಕಲ್ಲೇಶಿ "ಹೂಂ" ಅಂದ. ಕಾಗದದಲ್ಲಿರುವುದನ್ನು ಇದ್ದ ಹಾಗೇ ಹಾಕಿದ. ಹೆಸರಿನ ಜಾಗದಲ್ಲಿ "ಮಾನ್ಯ ಗ್ರಾಹಕರೆ" ಅಂತ ಹಾಕಿದ. ವಿಳಾಸದ ಜಾಗದಲ್ಲಿ "ಇದು ಕಂಪ್ಯೂಟರ್ ಪ್ರತಿ, ಸಹಿಯ ಅಗತ್ಯವಿಲ್ಲ" ಅಂತ ಹಾಕಿದ. ಕಾಗದದ ಹಿಂಬದಿ ಯಾರದೋ ಹೆಂಡತಿ ಬರೆದಿದ್ದಳು, ಸಾಸಿವೆ ಕಾಲು ಕೆಜಿ, ಇಂಗು ಒಂದು ಡಬ್ಬಿ. ಅದನ್ನು ವಿನಾಯಿತಿಗಳ ಕೆಳಗೆ ಸೇರಿಸಿದ. ಆಮೇಲೆ ಒಳಗೆ ಹೋಗಿ ವರದರಾಜಯ್ಯನವರನ್ನು ವಿನಯವಾಗಿ ಕೇಳಿದ, "ಸಾರ್, ಟೀ ಲೋಟದ ಈ ದುಂಡಗಿನ ಕಲೆ ಯಾವ ಕೀ ಒತ್ತಿದರೆ ಬರುತ್ತೆ?"

ವರದರಾಜಯ್ಯ ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡರು. "ಯಾವ ಚೌಕ ಏನು ಕೇಳುತ್ತೋ ಅದನ್ನು ಮಾತ್ರ ಹಾಕಯ್ಯಾ. ಮತ್ತೆ ಆ ಮೌಸು ಬಿಡು. ಟ್ಯಾಬ್ ಒತ್ತು, ಮುಂದಿನ ಚೌಕಕ್ಕೆ ತಾನೇ ಹೋಗುತ್ತೆ. ಒಂದು ಸಲ ಮೌಸಿಗೆ, ಒಂದು ಸಲ ಕೀಬೋರ್ಡಿಗೆ ಕೈ ಓಡಾಡಿಸಿದರೆ ಜುಲೈ ಅಲ್ಲ, ದೀಪಾವಳಿ ಬಂದರೂ ಮುಗಿಯಲ್ಲ."

ಸಂಜೆ ಮನೆಯಲ್ಲಿ ಇದನ್ನು ಕೇಳಿದ ಶಿವಗಂಗಮ್ಮನಿಗೆ ತಕ್ಷಣ ಅರ್ಥವಾಯಿತು. "ಮೆಷಿನ್ ತುಳಿಯುವಾಗ ನಾನು ಬಟ್ಟೆಯಿಂದ ಕೈ ತೆಗೀತೀನಾ? ತೆಗೆದರೆ ಹೊಲಿಗೆ ಸೊಟ್ಟ. ಯಾರೇ ಬರಲಿ, ಯಾರೇ ಕರೀಲಿ, ಕೀಬೋರ್ಡಿನಿಂದ ಕೈ ತೆಗೀಬೇಡ."

ಮಾರನೇ ದಿನ ಕಲ್ಲೇಶಿ ಕೈ ತೆಗೆಯಲಿಲ್ಲ. ಕಾಫಿ ಬಂತು, ಕರುವಿನ ಹಾಗೆ ಬಗ್ಗಿ ಕುಡಿದ. ಗಿರಾಕಿಯೊಬ್ಬರು ಕೈ ಚಾಚಿದರು, ತಲೆ ಮುಂದಿಟ್ಟ, ಅವರು ಆಶೀರ್ವಾದ ಮಾಡಿ ಹೋದರು. ಸಂಜೆ ಆರಕ್ಕೆ ವರದರಾಜಯ್ಯ "ಹೊರಡಯ್ಯಾ" ಅಂದರು. ಹೊರಟ. ತಂತಿ ಕಿತ್ತುಕೊಂಡು, ಕೀಬೋರ್ಡನ್ನು ಅಡಿಯಿಂದ ಹೆಬ್ಬೆರಳುಗಳಲ್ಲಿ ಆನಿಸಿಕೊಂಡು, ಉಳಿದ ಎಂಟೂ ಬೆರಳು ಅಕ್ಷರಗಳ ಮೇಲಿಟ್ಟುಕೊಂಡು ಪೇಟೆಬೀದಿಯಲ್ಲಿ ಬಂದ.

ಶಿವಗಂಗಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅಷ್ಟರಲ್ಲಿ ಎದುರುಮನೆಯವಳು, "ಏನ್ರೀ, ಆಫೀಸಿಂದ ಮನೆಗೇ ಕೊಟ್ಟು ಕಳಿಸ್ತಾರಾ?" ಅಂದಳು.

"ಕೆಲಸ ಮಾಡೋರಿಗೆ ಕೊಡ್ತಾರೆ," ಅಂದಳು ಶಿವಗಂಗಮ್ಮ. ಮುಖ ಗಂಟು ಹಾಕಿಕೊಂಡು ಹೇಳಬೇಕು ಅಂದುಕೊಂಡಿದ್ದಳು. ಆಗಲಿಲ್ಲ.

ಒಂದು ಮಾತು ಹೇಳಲೇಬೇಕು. ಆ ದಿನ ಕಲ್ಲೇಶಿ ಇಪ್ಪತ್ತೆರಡು ರಿಟರ್ನ್ ತುಂಬಿದ್ದ, ಒಂದರಲ್ಲೂ ತಪ್ಪಿರಲಿಲ್ಲ. ಹಳೆಯದನ್ನು ಎಳೆದುಕೊಳ್ಳುವುದು, ಬದಲಾಗಿದ್ದನ್ನು ಮಾತ್ರ ಕೇಳುವುದು, ಚೌಕ ಕೇಳಿದ್ದನ್ನು ಹಾಕುವುದು, ಟ್ಯಾಬ್ ಒತ್ತುವುದು, ಬೈಸಿಕೊಂಡ ಒಂದೊಂದು ಮಾತೂ ತನ್ನ ತನ್ನ ಜಾಗದಲ್ಲಿ ಕೂತುಬಿಟ್ಟಿತ್ತು. ಜುಲೈ ಮೂವತ್ತೊಂದರ ಮಧ್ಯಾಹ್ನಕ್ಕೆ ಊರಿನ ಕೊನೆಯ ರಿಟರ್ನ್ ಹೋಯಿತು.

"ನಾಳೆ ನಿಮ್ಮಮ್ಮನ್ನ ಕರ್ಕೊಂಡು ಬಾ, ಮಾತಾಡೋಣ," ಅಂದರು ವರದರಾಜಯ್ಯ. "ಅದಕ್ಕೆ ಮೊದಲು ಎಲ್ಲರ ವಿವರವನ್ನೂ ಈ ಪೆನ್‌ಡ್ರೈವಿಗೆ ಹಾಕು. ಈ ಹಳೇ ಕಂಪ್ಯೂಟರ್ ಅಳಿಸಿ ಎಕ್ಸ್‌ಚೇಂಜಿಗೆ ಕೊಡ್ತಿದೀನಿ, ಇರೋದು ಇದೊಂದೇ ಪ್ರತಿ. ಭದ್ರವಾದ ಜಾಗದಲ್ಲಿಡು. ಬೀಗ ಇರಬೇಕು. ಯಾರ ಕೈಗೂ ಸಿಗಬಾರದು. ನನ್ನ ಕೈಗೂ ಸಿಗಬಾರದು, ನಾನೇ ಎಲ್ಲಾದರೂ ಕಳೀತೀನಿ."

ಕಲ್ಲೇಶಿ "ಹೂಂ" ಅಂದ.

ಮಾರನೇ ದಿನ ಶಿವಗಂಗಮ್ಮ ಮಡಿಕೆ ಬಿಚ್ಚದ ಸೀರೆ ಉಟ್ಟು ಬಂದಳು. ವರದರಾಜಯ್ಯ ಹೊಸ ಕಂಪ್ಯೂಟರ್ ಮುಂದೆ ಕೂತು, "ಎಲ್ಲಯ್ಯಾ ಪೆನ್‌ಡ್ರೈವು?" ಅಂದರು.

"ಭದ್ರವಾಗಿದೆ ಸಾರ್. ಎರಡು ಬೀಗ. ಮೇಲೆ ಕ್ಯಾಮೆರಾ ಇದೆ. ಯಾರ ಕೈಗೂ ಸಿಗಲ್ಲ, ನಿಮ್ಮ ಕೈಗೂ ಸಿಗಲ್ಲ."

"ಎಲ್ಲಿ?"

"ಪೇಟೆ ಆಂಜನೇಯನ ಹುಂಡೀಲಿ."

ಮೂವರೂ ಗುಡಿಗೆ ಓಡಿದರು. ಗುಡಿಯ ಗುಮಾಸ್ತರು ತಾಂಬೂಲ ಒಂದು ಕಡೆ ಒತ್ತರಿಸಿ ಹೇಳಿದರು, "ಹುಂಡಿ ತೆಗೆಯೋದು ಯುಗಾದಿ ಆದ ಮೇಲೆ, ತಹಸೀಲ್ದಾರರ ಎದುರಿಗೆ. ಒಂದು ಚೀಟಿ ಬರೆದುಕೊಡ್ತೀನಿ. ಆ ಚೀಟಿ ಯಾರು ತರ್ತಾರೋ ಅವರಿಗೆ ಕೊಡ್ತೀವಿ."

ವರದರಾಜಯ್ಯನವರಿಗೆ ಜೀವ ಬಂತು. ಮುಂದಿನ ವರ್ಷದ ಕೆಲಸ ಶುರುವಾಗುವುದು ಹೇಗೂ ಜೂನಿನಲ್ಲಿ. ಅವರು ಶಿವಗಂಗಮ್ಮನ ಕಡೆ ತಿರುಗಿದರು. "ನೀವು ಬೇಜಾರು ಮಾಡ್ಕೋಬಾರದು ಅಂತ ಮೊದಲೇ ಹೇಳಿದ್ದೆ. ಹುಡುಗ ಕೆಲಸದಲ್ಲಿ ಚುರುಕು, ಇಲ್ಲ ಅನ್ನಲ್ಲ. ಆದರೆ ನನಗೆ ಬಿ.ಪಿ. ಇದೆ."

ಶಿವಗಂಗಮ್ಮ ಸೆರಗು ಸರಿಮಾಡಿಕೊಂಡಳು. "ನಿಮ್ಮಿಷ್ಟ ಸಾರ್. ಆದರೆ ಒಂದು ಮಾತು. ಇಡೀ ಊರಿನ ಕಾಗದ ನೋಡಿದಾನೆ ನನ್ನ ಮಗ, ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಿಲ್ಲ. ನನಗೂ ಹೇಳಿಲ್ಲ."

ವರದರಾಜಯ್ಯ ಏನೋ ಹೇಳಲು ಹೊರಟರು, ಅಷ್ಟರಲ್ಲಿ ಫೋನ್ ಬಂತು. ಗುಮಾಸ್ತರು ಚಾಚಿದ ಚೀಟಿಯನ್ನು ಹಿಂದೆ ಮುಂದೆ ನೋಡದೆ ಪಕ್ಕದಲ್ಲಿದ್ದ ಕಲ್ಲೇಶಿಯ ಕೈಗೆ ದಾಟಿಸಿ, "ಭದ್ರವಾಗಿಡು," ಅಂದು ಫೋನ್ ಕಿವಿಗಿಟ್ಟರು.

ಕಲ್ಲೇಶಿ "ಹೂಂ" ಅಂದ. ನಾಲ್ಕು ಹೆಜ್ಜೆ ನಡೆದ. ಚೀಟಿಯನ್ನು ನೀಟಾಗಿ ಮಡಚಿ ಹುಂಡಿಯೊಳಗೆ ಹಾಕಿ, ಎರಡೂ ಬೀಗ ಎಳೆದು ನೋಡಿ, ಕೈಮುಗಿದು ಬಂದ.

ಫೋನು ಮುಗಿಯಿತು. ವರದರಾಜಯ್ಯ ಚೀಟಿಗೆ ಕೈ ಚಾಚಿದರು, ಕಲ್ಲೇಶಿ ಹುಂಡಿ ತೋರಿಸಿದ.

"ಚೀಟಿ ಇಲ್ಲದಿದ್ದರೆ ಹಾಕಿದ ಆಸಾಮಿಯೇ ಬಂದು ಗುರುತಿಸಿ ಸಹಿ ಹಾಕಬೇಕು," ಅಂದರು ಗುಮಾಸ್ತರು, ದಪ್ಪ ಪುಸ್ತಕ ತೆರೆಯುತ್ತ. "ಯಾರು ಇವರು? ಏನಂತ ಬರ್ಕೊಳ್ಳಲಿ?"

ವರದರಾಜಯ್ಯ ಹುಂಡಿ ನೋಡಿದರು. ಕಲ್ಲೇಶಿಯನ್ನು ನೋಡಿದರು.

"ನಮ್ಮ ಆಫೀಸಿನವನು ಅಂತ ಬರ್ಕೊಳ್ಳಿ," ಅಂದರು.

"ಖಾಯಂ ಅಂತಲೂ ಬರ್ಕೊಳ್ಳಿ," ಅಂದಳು ಶಿವಗಂಗಮ್ಮ.