ಲಾಜರ್ ಮೇಸ್ತ್ರಿಯ ಮೊಣಕೈ

ಎಷ್ಟು ಹಿಂದೆ ಎಂದು ನನ್ನನ್ನು ಕೇಳಬೇಡಿ. ಬಹಳ ಹಿಂದೆ, ಗುಡ್ಡದ ನೆತ್ತಿಯಲ್ಲೊಂದು ಊರಿತ್ತು. ಚಳಿಗಾಲದಲ್ಲಿ ಅಲ್ಲಿ ಇಬ್ಬನಿ ಹೆಪ್ಪುಗಟ್ಟಿ, ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಕಾಣುತ್ತಿತ್ತಂತೆ. ಆ ಊರಲ್ಲಿದ್ದದ್ದು ಒಂದೇ ಕಾರು, ತೋಟದ ದೊರೆ ಬಿಟ್ಟುಹೋದ ಹಳೇ ಇಟಲಿ ಕಾರು. ಅದನ್ನು ನೋಡಿಕೊಳ್ಳುತ್ತಿದ್ದವನು ಲಾಜರ್ ಮೇಸ್ತ್ರಿ. ಆಸ್ಪತ್ರೆ ಇದ್ದದ್ದು ಘಾಟಿಯ ಕೆಳಗೆ. ಹೆರಿಗೆ ಕಷ್ಟವಾದ ಹೆಂಗಸರಿಗೆ ಆ ಕಾರೇ ಗತಿ.

ಸಂಜೆಯಾದರೆ ಲಾಜರ್ ಇಂಜಿನ್ನಿನ ನೀರನ್ನೆಲ್ಲ ಇಳಿಸಿಬಿಡುತ್ತಿದ್ದ. ಬಿಟ್ಟರೆ ಅದು ಹೆಪ್ಪುಗಟ್ಟಿ ಇಂಜಿನ್ ಒಡೆದೀತು. ಬ್ಯಾಟರಿ ಬಿಚ್ಚಿ ಒಲೆಯ ಪಕ್ಕ ಇಡುತ್ತಿದ್ದ. ಬಾನೆಟ್ಟಿಗೆ ತನ್ನ ಕಂಬಳಿ ಹೊದಿಸಿ, ತಾನು ಗೋಣಿ ಹೊದ್ದು ಮಲಗುತ್ತಿದ್ದನಂತೆ. ಬಿಡಿಭಾಗ ಬೇಕೆಂದರೆ ಹಡಗಿನಲ್ಲೇ ಬರಬೇಕು, ಹಾಗಾಗಿ ಹಳೇ ಚಪ್ಪಲಿಯ ತೊಗಲಲ್ಲಿ ವಾಷರ್ ಕತ್ತರಿಸುತ್ತಿದ್ದನಂತೆ. ಕಾರಿಗೆ ಜೋಗುಳ ಹಾಡುತ್ತಿದ್ದ ಎಂದೂ ಹೇಳುತ್ತಾರೆ. ಅದನ್ನು ನಾನು ನಂಬುವುದಿಲ್ಲ. ಅವನ ದನಿ ಕೇಳಿದರೆ ಕೋಳಿಗಳೂ ಓಡುತ್ತಿದ್ದವಂತೆ.

ಕಾರು ಕೈಗೆ ಬಂದ ಮೊದಲ ಚಳಿಗಾಲದಲ್ಲೇ ಒಂದು ಬೆಳಿಗ್ಗೆ ಅವನ ಹೆಂಡತಿಗೆ ನೋವು ಬಂತು. ಗಾಬರಿಯಲ್ಲಿ ಅವನು ಬಚ್ಚಲ ಹಂಡೆಯ ಕುದಿನೀರನ್ನೇ ತಂದು, ಕೊರೆಯುತ್ತಿದ್ದ ಇಂಜಿನ್ನಿಗೆ ಸುರಿದ. ಟಣ್ ಎಂದಿತಂತೆ, ಅಷ್ಟೇ. ಇಂಜಿನ್ ಬಿರಿಯಿತು. ಡೋಲಿಯಲ್ಲಿ ಹೊತ್ತು ಇಳಿಸುವಷ್ಟರಲ್ಲಿ ತಡವಾಯಿತು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ಮಗಳಿಗೆ ರೂತ್ ಎಂದು ಹೆಸರಿಟ್ಟು, ಲಾಜರ್ ಆರು ತಿಂಗಳು ಕೂತು ಬಿರುಕಿಗೆ ಹಿತ್ತಾಳೆ ಬೆಸುಗೆ ಹಾಕಿದ.

ಅಂದಿನಿಂದ ನೀರು ಹೊಯ್ಯುವ ಮುಂಚೆ ಬಕೆಟ್ಟಿಗೆ ಮೊಣಕೈ ಅದ್ದುತ್ತಿದ್ದ. ಎಳೆಗೂಸಿನ ಸ್ನಾನದ ನೀರಿನಷ್ಟು ಹದವಿದ್ದರೆ ಮಾತ್ರ ಹೊಯ್ದು, “ಇನ್ನು ಗಾಡಿ ಹೊರಡಲಿ” ಎನ್ನುತ್ತಿದ್ದ.

ವರ್ಷಗಳು ಉರುಳಿದವು. ಅಂಥದ್ದೇ ಒಂದು ಬೆಳಿಗ್ಗೆ ರೂತಳಿಗೆ ನೋವು ಬಂತು. ಮಗು ಅಡ್ಡವಾಗಿದೆ, ಕೆಳಗೆ ಒಯ್ಯಲೇಬೇಕು ಎಂದಳು ಸೂಲಗಿತ್ತಿ ಕೆಂಚವ್ವ. ಮನೆಮನೆಯವರೂ ಕುದಿನೀರು ಹೊತ್ತು ತಂದರು. ಲಾಜರ್ ಎಲ್ಲರನ್ನೂ ತಡೆದು, ತಣ್ಣೀರು ಬೆರೆಸುತ್ತ, ಮೊಣಕೈ ಅದ್ದುತ್ತ ನಿಂತ. ಒಂದು ಬಕೆಟ್ ಹೊಯ್ದ, ಇಂಜಿನ್ ಮುಟ್ಟಿ ನೋಡಿದ, ಆ ನೀರು ಇಳಿಸಿದ, ತುಸು ಹೆಚ್ಚು ಬೆಚ್ಚಗಿನದು ಹೊಯ್ದ. ಒಳಗೆ ರೂತ್ ಕಿರುಚುತ್ತಿದ್ದಳು.

“ಏನಯ್ಯಾ ಲಾಜರಾ, ಒಳಗಿರೋಳು ನಿನ್ನ ಮಗಳು ಕಣಯ್ಯಾ. ಬೇಗ ಹುಯ್ಯಿ,” ಎಂದಳಂತೆ ಕೆಂಚವ್ವ.

“ಮಗಳು ಅಂತಲೇ ಕಾಯ್ತಾ ಇದೀನಿ ಅಕ್ಕಾ.”

ಎಂಥ ಕಲ್ಲು ಮನಸ್ಸು ಎಂದರು ಜನ. ಅವನು ಮತ್ತೆ ಬಕೆಟ್ಟಿಗೆ ಮೊಣಕೈ ಅದ್ದಿದ. ಕೊನೆಗೆ ಹ್ಯಾಂಡಲ್ ತಿರುಗಿಸಿದ. ಮೂರನೇ ಸುತ್ತಿಗೆ ಕಾರು ಕೆಮ್ಮಿ ಎದ್ದಿತು, ಘಾಟಿ ಇಳಿಯಿತು. ತಾಯಿ ಮಗು ಇಬ್ಬರೂ ಉಳಿದರು.

ಆ ಕಾರು ಈಗಿಲ್ಲ. ಈಗಿನ ಗಾಡಿಗಳಿಗೆ ಇಷ್ಟು ಉಪಚಾರವೂ ಬೇಕಿಲ್ಲ. ಆದರೆ ಆ ಊರಲ್ಲಿ ಕೂಸಿನ ಮೊದಲ ಸ್ನಾನಕ್ಕೆ ಇಂದಿಗೂ ತಾಯಿಯ ಅಪ್ಪನನ್ನು ಕರೆಯುತ್ತಾರೆ. ಅವನು ಅಂಗಿಯ ತೋಳು ಮಡಚಿ ನೀರಿಗೆ ಮೊಣಕೈ ಅದ್ದುತ್ತಾನೆ. ಎಷ್ಟು ಹೊತ್ತಾದರೂ ಯಾರೂ ಅವಸರ ಮಾಡುವುದಿಲ್ಲ. “ಇನ್ನು ಗಾಡಿ ಹೊರಡಲಿ” ಎಂದು ಅವನು ಅಂದಮೇಲೆಯೇ ಕೂಸಿನ ಮೈಗೆ ನೀರು ಬೀಳುವುದು.