ಚೆಂಡು ಕೊಟ್ಟವನಿಗೆ ನಮಸ್ಕಾರ

ಹೊಳೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ಜಪತಪ ಎಷ್ಟು ನಡೆಯುತ್ತಿತ್ತೋ ಫುಟ್‌ಬಾಲೂ ಅಷ್ಟೇ ನಡೆಯುತ್ತಿತ್ತು. ವಯಸ್ಸಾದ ಗುರು ಸಾಂಬಯ್ಯನವರು ಈಗ ಕಟ್ಟೆಯ ಮೇಲೆ ಕೂತು ನೋಡುವವರು. ಆಟ ಕಲಿಸುವ ಭಾರ ಶಿಷ್ಯ ಚಿನ್ಮಯನದು.

ಒಂದು ಸಂಜೆ ಚಿನ್ಮಯ ಏದುಸಿರು ಬಿಡುತ್ತಾ ಬಂದ. ಪರಮಸತ್ಯವೇ ಕೈಗೆ ಸಿಕ್ಕಂತೆ ಬೀಗುತ್ತಿದ್ದ.

"ಗುರುಗಳೇ, ಪರೇಟೊ ಎಂಬಾತನ ಸೂತ್ರವೊಂದಿದೆ. ನೂರರಲ್ಲಿ ಎಂಬತ್ತು ಪಾಲು ಫಲ ಬರೀ ಇಪ್ಪತ್ತು ಪಾಲಿನಿಂದ ಬರುತ್ತದಂತೆ. ನಮ್ಮ ತಂಡವನ್ನೇ ನೋಡಿ. ಗೋಲುಗಳೆಲ್ಲ ಹೆಚ್ಚುಕಮ್ಮಿ ಬೀರೇಶ, ಕೆಂಚ ಇಬ್ಬರದೇ."

"ಲೆಕ್ಕ ಸರಿಯಾಗಿದೆ," ಎಂದರು ಗುರುಗಳು.

"ಹಾಗಾದರೆ ನಾಳೆಯಿಂದ ಅವರಿಬ್ಬರಿಗೇ ಕಲಿಸುತ್ತೇನೆ. ಬದಲಿ ಆಟಗಾರರು ಬರುವುದೇ ಬೇಡ. ಆ ಈರಣ್ಣ ಬಂದು ಎಷ್ಟು ಕಾಲವಾಯಿತು, ಒಂದು ಪಂದ್ಯಕ್ಕೂ ಇಳಿದಿಲ್ಲ. ಮನೆಗೆ ಕಳಿಸಿಬಿಡುತ್ತೇನೆ."

ಈರಣ್ಣ ಎಂದಿನಂತೆ ಎಲ್ಲರಿಗಿಂತ ಮೊದಲೇ ಮೈದಾನಕ್ಕೆ ಬಂದು ನಿಂತಿದ್ದ.

"ಕಳಿಸುವಿಯಂತೆ," ಎಂದರು ಗುರುಗಳು. "ಇವತ್ತಿನ ಆಟಕ್ಕೆ ಮಾತ್ರ ಒಂದು ನಿಯಮ. ಗೋಲು ಹೊಡೆದವನು ತನಗೆ ಚೆಂಡು ಕೊಟ್ಟವನಿಗೆ ಕೈಮುಗಿಯಬೇಕು. ಅವನು ತನಗೆ ಕೊಟ್ಟವನಿಗೆ."

ತಂಡ ಒಂದು ಕಡೆ, ಬದಲಿ ಆಟಗಾರರು ಇನ್ನೊಂದು ಕಡೆ. ಈರಣ್ಣ ಜೋರಾಗಿ ಒದ್ದ ಚೆಂಡನ್ನು ತಂಡದ ಗೋಲ್‌ಕೀಪರ್ ಹಿಡಿದು ಮುಂದಕ್ಕೆಸೆದ. ಅದು ಕಾಲಿಂದ ಕಾಲಿಗೆ ಸಾಗಿತು. ಕೊನೆಗೆ ಬೀರೇಶ ಗೋಲು ಹೊಡೆದ.

ಬೀರೇಶ ಕೆಂಚನಿಗೆ ಕೈಮುಗಿದ. ಕೆಂಚ ತನ್ನ ಹಿಂದಿನವನಿಗೆ, ಅವನು ಅವನ ಹಿಂದಿನವನಿಗೆ. ಹುಡುಗರಿಗೆ ನಗುವೋ ನಗು. ನಮಸ್ಕಾರ ಗೋಲ್‌ಕೀಪರನ ತನಕ ಬಂದು ನಿಂತಿತು. ಅವನು ತಲೆ ಕೆರೆದುಕೊಂಡ. ಆಮೇಲೆ ನೇರವಾಗಿ ಈರಣ್ಣನ ಬಳಿ ಹೋದ.

"ನನಗೆ ಚೆಂಡು ಕೊಟ್ಟೋನು ನೀನೇ ಅಲ್ವೇನೋ?" ಎಂದು ಕೈಮುಗಿದ.

ಈರಣ್ಣನ ಮುಖ ಅರಳಿತು. ಅವನು ಒಂದೇ ಓಟಕ್ಕೆ ಬಂದು ಚಿನ್ಮಯನ ಕಾಲು ಮುಟ್ಟಿದ.

"ಒದೆಯೋದು ಕಲಿಸಿದ್ದು ನೀವಲ್ವಾ ಅಣ್ಣಾ."

ಚಿನ್ಮಯ ಕಟ್ಟೆಯ ಬಳಿ ಹೋಗಿ ಗುರುಗಳ ಪಾದದ ಮೇಲೆ ತಲೆಯಿಟ್ಟ.

"ಈರಣ್ಣ ಇರಲಿ ಗುರುಗಳೇ. ಎಲ್ಲರೂ ಇರಲಿ." ತಲೆಯೆತ್ತಿ ಕೇಳಿದ, "ಆ ಎಂಬತ್ತು ಇಪ್ಪತ್ತರ ಲೆಕ್ಕ ನಿಮಗೆ ಮೊದಲೇ ಗೊತ್ತಿತ್ತೇ?"

ಗುರುಗಳು ಅವನ ತಲೆ ಸವರಿದರು.

"ಗೊತ್ತಿತ್ತು ಮಗೂ. ನಾನು ನಿಮಗೆಲ್ಲ ಆಟ ಕಲಿಸುತ್ತಿದ್ದಾಗಲೂ ಗೋಲು ಹೊಡೆಯುವವರು ಇಬ್ಬರೇ ಇದ್ದರು. ಅವರಲ್ಲಿ ನೀನಿರಲಿಲ್ಲ."