ತಾಳವ್ವನ ಗುಡ್ಡಕ್ಕೆ ಆ ಹೆಸರು ಬಂದ ಬಗೆ

ಸಂಕನಹಟ್ಟಿಯಿಂದ ಪಡುವಲಿಗೆ ಎರಡು ಹರದಾರಿ ನಡೆದರೆ ಬೋಳುಬಂಡೆಗಳ ಒಂದು ಗುಡ್ಡ ಎದುರಾಗುತ್ತದೆ. ಕಾರೆ, ಕವಳೆ, ಪಾಪಾಸುಕಳ್ಳಿ ಬಿಟ್ಟರೆ ಅದರ ಮೈಮೇಲೆ ಹಸಿರಿಲ್ಲ. ಒಡೆದ ಕೋಟೆಗೋಡೆಯ ಒಳಗೆ ಈಗ ಹಟ್ಟಿಯ ಮೇಕೆಗಳು ಮೇಯುತ್ತವೆ. ತಾಳವ್ವನ ಗುಡ್ಡವೆಂಬ ಹೆಸರು ಕೇಳಿದ ಹೊರಗಿನವರು, ಹಿಂದೆ ಇಲ್ಲಿ ತಾಳೆಮರಗಳಿದ್ದಿರಬೇಕು ಎಂದುಕೊಳ್ಳುತ್ತಾರೆ. ಈ ಕಲ್ಲಿನಲ್ಲಿ ತಾಳೆ ಎಂದೂ ಬೆಳೆದಿಲ್ಲ. ಅದು ಒಬ್ಬ ಹೆಂಗಸಿನ ಹೆಸರು, ಅದೂ ಮೊದಮೊದಲು ಅವಳನ್ನು ಹಂಗಿಸಲು ಕಟ್ಟಿದ ಹೆಸರು ಎನ್ನುತ್ತಾರೆ ಹಟ್ಟಿಯ ಹಿರಿಯರು.

ಹಿಂದೆ, ಈ ಕೋಟೆಯಲ್ಲಿ ಪಾಳೆಯಗಾರ ನಾಯಕನೊಬ್ಬ ಆಳುತ್ತಿದ್ದ ಕಾಲ. ಹಟ್ಟಿಯಲ್ಲಿ ಮಾಳಿಂಗನೆಂಬ ಕುರಿಗಾಹಿಯೂ ಅವನ ಹೆಂಡತಿ ಕೆಂಚವ್ವನೂ ಕಂಬಳಿ ನೇಯ್ದು ಬದುಕಿದ್ದರು. ಒಂದು ಸಲ ಹಗೆಗಳು ಗುಡ್ಡದ ಹಿಂಬದಿಯ ಕಳ್ಳದಾರಿ ಹಿಡಿದು ಕೋಟೆಗೆ ನುಗ್ಗಿ ಕೊಳ್ಳೆ ಹೊಡೆದರು. ದಾರಿ ತೋರಿಸಿದವನು ದಿಡ್ಡಿಬಾಗಿಲ ಕಾವಲಿನ ಓಬಣ್ಣ. ತನ್ನ ತಲೆ ಉಳಿಸಿಕೊಳ್ಳಲು ಅವನು, ಆ ದಾರಿ ಬಲ್ಲವನು ಕುರಿ ಕಾಯುವ ಮಾಳಿಂಗನೊಬ್ಬನೇ ಎಂದು ನಾಯಕನ ಕಿವಿಗೆ ಹಾಕಿದ. ನಾಯಕ ಮಾಳಿಂಗನನ್ನು ಹಗೇವಿಗೆ ತಳ್ಳಿಸಿದ. ಹಗೇವು ಎಂದರೆ ಧಾನ್ಯ ತುಂಬಿಡಲು ನೆಲದೊಳಗೆ ತೋಡಿದ ಕುಳಿ. ಬಾಯಿ ಕಿರಿದು, ಹೊಟ್ಟೆ ಅಗಲ, ಬಿದ್ದವನು ತಾನಾಗಿ ಏರಿ ಬರಲಾರ. ಎರಡು ತಿಂಗಳಲ್ಲಿ ಓಬಣ್ಣನ ದ್ರೋಹ ಬಯಲಾಯಿತು. ಅವನನ್ನೂ ಅದೇ ಹಗೇವಿಗೆ ತಳ್ಳಿದರು. ತಪ್ಪಿಲ್ಲದವನನ್ನು ಬಿಡಿರೆಂದು ಮಂತ್ರಿ ಹೇಳಿದರೆ ನಾಯಕ, “ನನ್ನ ಬಾಯಿಂದ ಹೊರಟದ್ದು ಹಿಂದಕ್ಕೆ ಬರಬೇಕೇನು?” ಎಂದನಂತೆ. ಇದೊಂದೂ ಹಟ್ಟಿಗೆ ತಿಳಿಯಲಿಲ್ಲ.

ಕೆಂಚವ್ವ ದಿನವೂ ರೊಟ್ಟಿ ಕಟ್ಟಿಕೊಂಡು ಗುಡ್ಡ ಹತ್ತುವಳು. ಮಾತಾಡಿದರೆ ರೊಟ್ಟಿ ಇಳಿಯುವುದಿಲ್ಲ ಎಂಬುದು ಕಾವಲಿನವರ ಕಟ್ಟಳೆ. ಹಗ್ಗ ಕಟ್ಟಿದ ಬುಟ್ಟಿ ಕೆಳಗಿಳಿದು ಬರಿದಾಗಿ ಮೇಲೆ ಬರುವವರೆಗೆ ಬಾಯಿಗೆ ಸೆರಗು ಒತ್ತಿಕೊಂಡು ನಿಲ್ಲುವಳು. ಇಳಿಯುವಾಗ ಗುಡ್ಡದ ನಡುವಿನ ಬೀರದೇವರ ಗುಂಡುಕಲ್ಲಿಗೆ ಹಣೆ ಹಚ್ಚಿ, “ಒಳಗಿರುವವನನ್ನು ಉಸಿರಿನೊಂದಿಗೆ ಹೊರಗೆ ತಾ ನನ್ನಪ್ಪಾ” ಎಂದು ಬೇಡುವಳು. ಪೂಜಾರಿ ಕರಿಯಜ್ಜ ಅವಳ ಹಣೆಗೆ ಭಂಡಾರದ ಅರಿಸಿನ ಹಚ್ಚಿ ಒಂದೇ ಮಾತು ಹೇಳುವನು: “ತಾಳು ಮಗಳೇ. ದೇವರು ಕಿವುಡನಲ್ಲ.” ಕಾವಲಿನವರು ಇದನ್ನು ಕೇಳಿಸಿಕೊಂಡಿದ್ದರು. “ಬಂದಳು ನೋಡ್ರೋ ತಾಳವ್ವ!” ಎಂದು ಬಿದ್ದು ಬಿದ್ದು ನಗುವರು. ಮಳೆಯಲ್ಲಿ ಜಾರಿ ಬಿದ್ದು ಮೊಣಕಾಲು ಒಡೆದುಕೊಂಡು ತೆವಳುತ್ತ ಬಂದ ದಿನವೂ ನಕ್ಕರು. ಮೂರನೆಯ ವರ್ಷ ಒಂದು ದಿನ ಕುಳಿಯೊಳಗಿಂದ ಕೆಮ್ಮು ಕೇಳಿಸಿತು. ಅಂದು ಅವಳು ಬೀರದೇವರ ಮುಂದೆ ಹಿಗ್ಗಿ ಅತ್ತಳು. ಕರಿಯಜ್ಜ ಸತ್ತ. ಅವಳ ತಲೆ ನರೆಯಿತು. ಮರುಮದುವೆಗೆ ಕೇಳಿಬಂದ ಮೈದುನನನ್ನು ಬಾಗಿಲಿಂದಲೇ ಕಳಿಸಿದಳು. ಏಳು ವರ್ಷ ಒಂದು ದಿನವೂ ಗುಡ್ಡ ತಪ್ಪಲಿಲ್ಲ.

ಏಳನೆಯ ವರ್ಷ ನಾಯಕ ಸತ್ತು, ಅವನ ತಮ್ಮ ಪಟ್ಟಕ್ಕೆ ಬಂದು ಸೆರೆಯವರನ್ನೆಲ್ಲ ಬಿಡಿಸಿದ. ಹಟ್ಟಿಗೆ ಹಟ್ಟಿಯೇ ಹಗೇವಿನ ಸುತ್ತ ನೆರೆಯಿತು. ಹಗ್ಗ ಹಿಡಿದು ಒಂದು ಮೈ ಮೇಲೆ ಬಂತು. ಕಾಲು ಸೊರಗಿ ಕಡ್ಡಿಯಾಗಿತ್ತು, ಕಣ್ಣು ಬೆಳಕಿಗೆ ತೆರೆಯಲಾರದು. ಕೆಂಚವ್ವ ಓಡಿಹೋಗಿ ಆ ಮುಖವನ್ನು ಎರಡೂ ಕೈಯಲ್ಲಿ ಎತ್ತಿದಳು. ಅದು ಓಬಣ್ಣನ ಮುಖ.

“ಅವನೆಲ್ಲಿ?”

“ಮೂರನೇ ತಿಂಗಳೇ ಹೋದ, ಅವ್ವಾ. ನನ್ನ ತೊಡೆಯ ಮೇಲೆ.”

“ಯಾಕೆ ಕೂಗಿ ಹೇಳಲಿಲ್ಲ?”

ಓಬಣ್ಣ ನೆಲಕ್ಕೆ ಹಣೆ ಒತ್ತಿದ. “ಅವನ ಮೇಲೆ ಸುಳ್ಳು ಹೊರಿಸಿದವನು ನಾನು. ಸಾಯುವಾಗ ಅವನು ಹೇಳು ಅಂದಿದ್ದ. ಅವಳು ಇನ್ನು ಗುಡ್ಡ ಹತ್ತುವುದು ಬೇಡ, ಕೂಗಿ ಹೇಳು ಅಂತ ಕೈ ಹಿಡಿದು ಕೇಳಿಕೊಂಡ. ಹೇಳಿದರೆ ರೊಟ್ಟಿ ನಿಲ್ಲುತ್ತಿತ್ತು.”

ತನ್ನ ಗಂಡನನ್ನು ಕೊಂದ ನಾಲಿಗೆಗೇ ಏಳು ವರ್ಷ ಉಣಿಸಿದೆನೆಂದು ಅವಳಿಗೆ ಆಗ ತಿಳಿಯಿತು. ಕಾವಲಿನವರ ನಗೆ ಯಾತಕ್ಕೆಂದೂ ತಿಳಿಯಿತು. ಮಾಳಿಂಗ ಸತ್ತದ್ದನ್ನು ಬಲ್ಲವರಾಗಿಯೇ ಅವರು ಬುಟ್ಟಿ ಇಳಿಸಿದ್ದರು. ಹಟ್ಟಿಯವರು ಕಲ್ಲೆತ್ತಿಕೊಂಡು, ಮೊದಲ ಕಲ್ಲು ನಿನ್ನದು ಎಂದರು. ಅವಳು ಕಲ್ಲು ಹಿಡಿದು ಓಬಣ್ಣನ ಹತ್ತಿರ ಹೋದಳಂತೆ. ಆದರೆ, “ಈ ಮೈ ನನ್ನ ರೊಟ್ಟಿಯದು. ಇದನ್ನು ಹೊಡೆದರೆ ನನ್ನ ಏಳು ವರ್ಷವನ್ನೇ ಹೊಡೆದ ಹಾಗೆ. ಬಿಡಿ,” ಎಂದು ಕಲ್ಲು ಬಿಸಾಕಿ, ತಾನೇ ಹಗ್ಗ ಹಿಡಿದು ಕುಳಿಗೆ ಇಳಿದಳು. ಗಂಡನ ಎಲುಬುಗಳನ್ನು ಕಂಬಳಿಯಲ್ಲಿ ಕಟ್ಟಿಕೊಂಡು ಬಂದು ಬೀರದೇವರ ಮುಂದೆ ಇಟ್ಟಳು. “ಒಳಗಿರುವವನನ್ನು ತಾ ಎಂದೆ. ನೀನು ಒಳಗಿದ್ದವನನ್ನೇ ತಂದುಕೊಟ್ಟೆ. ಇದು ನಾನು ಬೇಡಿದ್ದಲ್ಲವೆಂದು ನಿನಗೂ ಗೊತ್ತು. ಆದರೂ ನಿನ್ನನ್ನು ಬಿಟ್ಟು ನಾನು ಎಲ್ಲಿಗೂ ಹೋಗುವವಳಲ್ಲ. ನೀನೇ ಹೇಳು ಯಾಕೆಂದು, ಕೂತಿರುತ್ತೇನೆ.” ಮೂರು ದಿನ ಕೂತಳು. ನಾಲ್ಕನೆಯ ದಿನ ಎದ್ದು ಹಿಟ್ಟು ನಾದಿ, ರೊಟ್ಟಿ ಬಡಿದು, ಕೋಟೆಗೋಡೆಯ ನೆರಳಲ್ಲಿ ಬಿದ್ದಿದ್ದ ಓಬಣ್ಣನ ಮುಂದೆ ಇಟ್ಟಳು. ಅವನ ಮುಖ ನೋಡಲಿಲ್ಲ, ಮಾತಾಡಲಿಲ್ಲ. ಅವನು ಸಾಯುವತನಕ ಹೀಗೆಯೇ ನಡೆಯಿತು ಎನ್ನುತ್ತಾರೆ. ಆಮೇಲೆ ಎಷ್ಟು ಕಾಲ ಬದುಕಿದಳೋ, ಉತ್ತರ ಸಿಕ್ಕಿತೋ ಇಲ್ಲವೋ, ಯಾರೂ ಹೇಳರು. ಹಂಗಿಸಿದವರ ಮಕ್ಕಳು ಅವಳ ಸಮಾಧಿಯ ಮುಂದೆ ತಾಳವ್ವನೆಂದೇ ಕೈ ಮುಗಿದರು.

ಈಗಲೂ ಸೋಮವಾರ ಆ ಗುಡ್ಡಕ್ಕೆ ಹೋದರೆ ಬಿಸಿಲಲ್ಲಿ ಬುತ್ತಿ ಹಿಡಿದು ಕೂತ ಹೆಂಗಸರು ಕಾಣುತ್ತಾರೆ. ಹರಕೆ ಹೊತ್ತವರು ಅವರು. ಮೊದಲು ಬಂದ ಅಪರಿಚಿತನ ಕೈಗೆ ರೊಟ್ಟಿ ಕೊಟ್ಟ ಮೇಲೆಯೇ ತಮ್ಮ ಬೇಡಿಕೆ ಹೇಳಬೇಕೆಂಬುದು ಅಲ್ಲಿಯ ನೇಮ. ತೆಗೆದುಕೊಳ್ಳುವವನ ಹೆಸರು ಕೇಳುವಂತಿಲ್ಲ. ಎಷ್ಟೋ ದಿನ ಯಾರೂ ಬರುವುದಿಲ್ಲ. ಆಗ ಅವರು ಬುತ್ತಿ ಕಟ್ಟಿಕೊಂಡು ಇಳಿದುಹೋಗಿ, ಮುಂದಿನ ಸೋಮವಾರ ಮತ್ತೆ ಹತ್ತುತ್ತಾರೆ.